ಸದ್ದಿಲ್ಲದ ನಾಲ್ಕು ತಿಂಗಳು

ಆಸ್ಪತ್ರೆಯ ಕಾರಿಡಾರಿನ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರ ಕಣ್ಣಿಗೂ ಅದು ಬಿದ್ದಿಲ್ಲವಲ್ಲ ಎಂದು ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ತನ್ನ ಸಿಟ್ಟಿನ ಮೇಲೇ ನಗು ಬಂತು. ನಲವತ್ತು ವರ್ಷ ಬೇರೆಯವರ ಗಡಿಯಾರ ರಿಪೇರಿ ಮಾಡಿದವನಿಗೆ ಇದೊಂದು ಚಟ. ಎಲ್ಲಿ ಕೂತರೂ ಮೊದಲು ಗೋಡೆ ನೋಡುವುದು, ತಪ್ಪು ಸಿಕ್ಕಿದರೆ ಒಳಗೊಳಗೇ ಹಿಗ್ಗುವುದು. ಬೇರೆಯವರ ತಪ್ಪು ಹುಡುಕುವುದರಲ್ಲಿ ನೀನು ಭಾರಿ ಗಟ್ಟಿಗ ಬಿಡು, ಎಂದು ತನಗೆ ತಾನೇ ಹೇಳಿಕೊಂಡ. ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಕೂತಿದ್ದ. ಪಕ್ಕದಲ್ಲಿ ಅಕ್ಕ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ತುಟಿ ಅಲ್ಲಾಡಿಸುತ್ತಿದ್ದಳು. "ಇವತ್ತು ಬುಧವಾರ. ಹದಿನೇಳು. ಅಲ್ವೇನೋ?" ಎಂದಳು. ಹೌದೆಂದ. "ನೂರರಿಂದ ಏಳೇಳು ಕಳೀತಾ ಹೋಗು ಅಂತಾರಂತೆ. ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ನೀನೂ ಜೊತೆಗೆ ಕಳಿ, ನಾನು ತಪ್ಪಿದ್ರೆ ಹೇಳು." ಅವನು ಕಳೆಯಲಿಲ್ಲ. ಅವಳು ತಪ್ಪುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವಳ ತಲೆ ಎಲ್ಲಿಯೂ ತಪ್ಪಿಲ್ಲವೆಂದು ಈ ಭೂಮಿಯ ಮೇಲೆ ಗೊತ್ತಿದ್ದವನು ಅವನೊಬ್ಬನೇ. ಗೊತ್ತಿದ್ದೂ ಅವಳನ್ನು ಮರೆವಿನ ಪರೀಕ್ಷೆಗೆ ಕೈಹಿಡಿದು ಕರೆತಂದಿದ್ದ.

ಮೂವತ್ತೆರಡು ವರ್ಷ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಆಗಿನ್ನೂ ನಂಬರು ಕೇಳಿ, ಕೈಯಿಂದ ತಂತಿ ಸಿಕ್ಕಿಸಿ ಜೋಡಿಸುವ ಕಾಲ. ಊರಿನ ನಂಬರುಗಳೆಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ಜನ ನಂಬರನ್ನೇ ಹೇಳುತ್ತಿರಲಿಲ್ಲ. ದಂತವೈದ್ಯರಿಗೆ ಹಾಕಿ ಎಂದರೆ ಸಾಕು, "ಅವರು ಈಗ ಊಟಕ್ಕೆ ಹೋಗಿರ್ತಾರೆ, ಮನೆಗೇ ಹಾಕ್ತೀನಿ, ಸ್ವಲ್ಪ ತಡೀರಿ" ಎನ್ನುತ್ತಿದ್ದಳು. ಬೀದಿಯವರು ನಂಬರಕ್ಕ ಎಂದು ಕರೆಯುತ್ತಿದ್ದರು. ಅವಳಿಗೆ ಆ ಹೆಸರು ಒಳಗೊಳಗೇ ಇಷ್ಟ. ನಿವೃತ್ತಿಯಾದ ಮೇಲೂ ತರಕಾರಿ ಹೆಚ್ಚುತ್ತ ಹಳೆಯ ನಂಬರುಗಳನ್ನು ಹಾಡಿನಂತೆ ಗುನುಗುತ್ತಿದ್ದಳು, ಸತ್ತವರದು, ಊರು ಬಿಟ್ಟವರದು, ಮುಚ್ಚಿಹೋದ ಅಂಗಡಿಗಳದು. ಹೆಂಡತಿ ತೀರಿಕೊಂಡ ಮೇಲೆ ಅವನು ಈ ಅಕ್ಕನ ಮನೆಗೆ ಬಂದು ಸೇರಿದಾಗ ಮೊದಮೊದಲು ಆ ಗುನುಗು ಕಿರಿಕಿರಿಯಾಗುತ್ತಿತ್ತು. ಈಗ ಆರು ವಾರದಿಂದ ಅಡುಗೆಮನೆಯಲ್ಲಿ ಸದ್ದಿಲ್ಲ. ಒಂದು ನಂಬರು ಬಾಯಿಗೆ ಬರದಿದ್ದರೆ ಎಂಬ ಹೆದರಿಕೆಗೆ ಅವಳು ಯಾವುದನ್ನೂ ನೆನಪಿಸಿಕೊಳ್ಳಲು ಹೋಗುತ್ತಿಲ್ಲ.

ನರ್ಸ್ ಬಂದು ಕೂಗಿದಳು. ಅಕ್ಕ ಎದ್ದಳು, ಆಸ್ಪತ್ರೆಯವರು ಹೇಳಿಕೊಟ್ಟಂತೆ ಒಮ್ಮೆಲೇ ಏಳದೆ, ಮೊದಲು ಕುರ್ಚಿಯ ತುದಿಗೆ ಸರಿದು, ಅರೆಗಳಿಗೆ ಕೂತು, ಆಮೇಲೆ. ಅವಳ ಹೃದಯದ ಮಾತ್ರೆ ತೆಗೆದುಕೊಳ್ಳುವವರು ಗಬಕ್ಕನೆ ಎದ್ದರೆ ತಲೆ ಸುತ್ತುತ್ತದೆ. "ನೀನೂ ಬಾರೋ ಒಳಗೆ" ಎಂದಳು. ಈ ಪರೀಕ್ಷೆಗೆ ಜೊತೆಗೆ ಯಾರೂ ಇರುವಂತಿಲ್ಲ ಎಂದಳು ನರ್ಸ್. ಅಕ್ಕ ಅವನ ಮುಖ ನೋಡಿದಳು. ಹೇಳುವುದಿದ್ದರೆ ಈಗಲೇ, ಎಂದುಕೊಂಡ. ಅಕ್ಕಾ, ನೀನು ಒಳಗೆ ಹೋಗಬೇಕಾಗಿಲ್ಲ, ನಿನಗೇನೂ ಆಗಿಲ್ಲ, ಇಷ್ಟೇ ಮಾತು. "ಗಾಬರಿ ಮಾಡ್ಕೋಬೇಡ" ಎಂದ. ಬಾಗಿಲು ಮುಚ್ಚಿತು. ಗಾಬರಿ ಮಾಡ್ಕೋಬೇಡವಂತೆ! ಥೂ ನಿನ್ನ.

ಕೈ ನಡುಗಲು ಶುರುವಾದದ್ದು ಹೋದ ವರ್ಷ. ಮೊದಲು ಒಂದು ಸಣ್ಣ ಸ್ಕ್ರೂ ಚಿಮಟದಿಂದ ಜಾರಿತು, ಅಷ್ಟೇ. ಯಾರ ಕೈಯಿಂದಲೂ ಜಾರುತ್ತದೆ. ಅವನು ನೆಲದ ಮೇಲೆ ಮಂಡಿಯೂರಿ ಹುಡುಕಿದ. ಮರುದಿನ ಇನ್ನೊಂದು. ಗಡಿಯಾರದ ಒಳಗೆ ಕೂದಲೆಳೆಗಿಂತ ತೆಳ್ಳಗಿನ ಒಂದು ಸ್ಪ್ರಿಂಗ್ ಇರುತ್ತದೆ, ಸುರುಳಿ ಸುತ್ತಿಕೊಂಡು, ಇಡೀ ಗಡಿಯಾರದ ಜೀವ ಅದರಲ್ಲಿ. ಅದನ್ನು ಮುಟ್ಟುವಾಗ ಉಸಿರನ್ನೂ ಬಿಗಿಹಿಡಿಯಬೇಕು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದಾಗ ಅವನಿಗೆ ಚಿಮಟದ ತುದಿಯೇ ಎರಡೆರಡಾಗಿ ಕಾಣುತ್ತಿತ್ತು. ಕಾಲೇಜಿನ ಅಧ್ಯಾಪಕಿಯೊಬ್ಬಳು ತನ್ನ ತಂದೆಯ ಕೈಗಡಿಯಾರ ತಂದಿದ್ದಳು. ಮುಚ್ಚಳ ತೆಗೆಯುತ್ತಿದ್ದ ಅವನ ಬೆರಳುಗಳನ್ನೇ ನೋಡುತ್ತ ನಿಂತಿದ್ದವಳು, "ಇರ್ಲಿ ಬಿಡಿ, ಅರ್ಜೆಂಟೇನಿಲ್ಲ, ಇನ್ನೊಂದಿನ ತರ್ತೀನಿ" ಎಂದು ಗಡಿಯಾರವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಬೈದಿದ್ದರೆ ಸಹಿಸಬಹುದಿತ್ತು, ಅವಳು ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವಂತೆ ತೆಗೆದುಕೊಂಡಳು. ಅದೇ ವಾರ, ಬುಧವಾರವೋ ಗುರುವಾರವೋ, ಮನೆಯಲ್ಲಿ ಅಕ್ಕ ಹರಿದ ದಿಂಬು ಹೊಲಿಯುತ್ತ ಕೂತಿದ್ದವಳು ಸೂಜಿ ಎತ್ತಿ ತೋರಿಸಿ, "ನೋಡೋ, ಒಂದೇ ಸಲಕ್ಕೆ ದಾರ ಹೋಯ್ತು! ಈ ಹೃದಯದ ಮಾತ್ರೆ ಶುರು ಮಾಡಿದ್ಮೇಲೆ ಕೈ ನಡುಗೋದೇ ನಿಂತುಹೋಗಿದೆ. ಡಾಕ್ಟರಮ್ಮನೂ ಅದೇ ಹೇಳಿದ್ರು, ಕೆಲವರಿಗೆ ಬರೀ ಕೈನಡುಕಕ್ಕೇ ಇದನ್ನ ಕೊಡ್ತಾರಂತೆ" ಎಂದಳು. ಎಷ್ಟು ಸಂತೋಷದಿಂದ ಹೇಳಿದಳು. ಮಾತ್ರೆಯ ಪಟ್ಟಿ ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಇತ್ತು.

ತಾನೇ ಹೋಗಿ ವೈದ್ಯರಿಗೆ ಕೈ ತೋರಿಸಬಹುದಿತ್ತು. ಆದರೆ ಗಡಿಯಾರ ರಿಪೇರಿಯವನಿಗೆ ಕೈನಡುಕವಂತೆ ಎಂಬ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಲು ಎಷ್ಟು ಹೊತ್ತು ಬೇಕು? ವಯಸ್ಸಾಯ್ತು, ಅಂಗಡಿ ಬಿಟ್ಟುಬಿಡಿ ಎಂದರೆ? ಮೊದಲ ಮಾತ್ರೆ ನುಂಗಿದ ದಿನ ಒಂದು ಗಂಟೆಯಲ್ಲಿ ಕೈ ಕಲ್ಲಿನಂತೆ ಅಲುಗದೆ ನಿಂತಿತು. ಅವನು ಆ ಸ್ಪ್ರಿಂಗನ್ನು ಒಂದೇ ಸಲಕ್ಕೆ ಕೂರಿಸಿದ. ಅಂಗಡಿಯ ಬಾಗಿಲು ಅರ್ಧ ಎಳೆದು ಒಳಗೆ ಒಬ್ಬನೇ ಕೂತು ಅತ್ತುಬಿಟ್ಟ. ಅಂಥ ಸುಖ. ಆಮೇಲೆ ಕಷ್ಟದ ಕೆಲಸವಿದ್ದ ದಿನ ಮಾತ್ರ ಎಂದು ತನಗೆ ತಾನೇ ಕಟ್ಟುಪಾಡು ಹಾಕಿಕೊಂಡ. ಕಷ್ಟದ ಕೆಲಸದ ದಿನಗಳು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಲೇ ಹೋದವು. ಅಕ್ಕ ಬಟ್ಟೆ ಒಣಹಾಕಲು ಮೇಲೆ ಹೋದಾಗ ಕಪಾಟು ತೆರೆದು, ಪಟ್ಟಿ ಚಿಟ್ಟೆನ್ನದ ಹಾಗೆ ಅಂಗೈಯಲ್ಲಿ ಅಮುಕಿ ಒಂದು ಗುಳಿಗೆ ಬಿಡಿಸಿಕೊಳ್ಳುವುದು ಅವನಿಗೆ ರೂಢಿಯಾಯಿತು. ಎದೆ ಸ್ವಲ್ಪ ಬಿಗಿಯುತ್ತಿತ್ತು. ಮೆಟ್ಟಿಲು ಹತ್ತುವಾಗ ಚಿಕ್ಕಂದಿನ ಉಬ್ಬಸ ಮತ್ತೆ ಬಂದಂತೆ ಸುಯ್‌ಸುಯ್ ಸದ್ದು. ಅಂಗಡಿಯ ಧೂಳು ಎಂದುಕೊಂಡ. ಅಕ್ಕ ಒಂದು ಸಂಜೆ ತಲೆಯೆತ್ತಿ, "ನಿನ್ನ ಎದೆ ಮತ್ತೆ ಸೀಟಿ ಊದ್ತಿದೆಯಲ್ಲೋ, ಐವತ್ತು ವರ್ಷ ಆದ್ಮೇಲೆ?" ಎಂದಿದ್ದಳು. ಚಿಕ್ಕವನಿದ್ದಾಗ ಉಸಿರು ಕಟ್ಟಿ ಒದ್ದಾಡುವ ಅವನನ್ನು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಎದುರು ಮಂಡಿಯೂರಿ, "ನಾನು ಎಣಿಸ್ತೀನಿ, ನೀನು ಉಸಿರು ಬಿಡು" ಎನ್ನುತ್ತಿದ್ದವಳು ಅವಳೇ. ನೂರಕ್ಕೆ ಹೋಗಿ ಮತ್ತೆ ಒಂದಕ್ಕೆ ಬರುತ್ತಿದ್ದಳು. ಶಾಲೆಗೆ ತಡವಾಗಿ ಬೈಸಿಕೊಂಡರೂ ಎಣಿಕೆ ನಡುವೆ ನಿಲ್ಲಿಸಿದವಳಲ್ಲ.

ಆ ಮಾತ್ರೆ ದಿನಕ್ಕೆರಡು. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ತಿಂಗಳಿಗೆ ಅರವತ್ತು ಕೊಡುತ್ತಾರೆ, ಮೇಲೆ ಒಂದೂ ಇಲ್ಲ. ಮೊದಲೆರಡು ತಿಂಗಳು ಹಳೆಯ ಉಳಿಕೆಯಲ್ಲಿ ಹೇಗೋ ಸರಿಹೋಯಿತು. ಮೂರನೆಯ ತಿಂಗಳು ತಾರೀಖಿಗೆ ಮೊದಲೇ ಪಟ್ಟಿ ಖಾಲಿಯಾಗಿ ಅಕ್ಕ ಕಿಟಕಿಗೆ ಹೋದಳು. ಅವನೂ ಜೊತೆಗಿದ್ದ, ಕೊಡೆ ಹಿಡಿದುಕೊಂಡು. ಕಿಟಕಿಯವನು ಚೀಟಿ ತಿರುಗಿಸಿ ನೋಡಿ, ಹಿಂದಿನ ಸಾಲಿಗೂ ಕೇಳುವಂತೆ, "ಏನಜ್ಜಿ, ಎರಡೆರಡು ಸಲ ನುಂಗ್ತಿದೀರಾ? ತಗೊಂಡಿದ್ದು ಮರ್ತುಹೋಗಿ ಮತ್ತೆ ತಗೊಂಡ್ರೆ ನಾಡಿ ನಿಂತುಬಿಡುತ್ತೆ, ಗೊತ್ತಾ? ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ವಾ?" ಎಂದ. ಸಾಲಿನಲ್ಲಿ ಯಾರೋ ಪಾಪ ಎಂದರು. ಅಕ್ಕನ ಕತ್ತು ಕೆಂಪಾಯಿತು. ಇನ್ನೊಬ್ಬರ ಮರೆವನ್ನು ತಿದ್ದುತ್ತಿದ್ದವಳು ಅವಳು. "ಎಲ್ಲೋ ಲೆಕ್ಕ ತಪ್ಪಿರ್ಬೇಕು" ಎಂದಳು. ಈ ಸಲ ಕೊಡ್ತೀನಿ, ಇನ್ನೊಂದು ಸಲ ಕೇಳಬೇಡಿ ಎಂದ ಕಿಟಕಿಯವನು. ಇವನು ಕೊಡೆಯ ಹಿಡಿಯನ್ನು ತಿರುಗಿಸುತ್ತ ನಿಂತಿದ್ದ. ಅಂದು ಅವನ ಕೈ ನಡುಗುತ್ತಿರಲಿಲ್ಲ. ಬೆಳಿಗ್ಗೆಯಷ್ಟೇ ಒಂದು ನುಂಗಿದ್ದ.

ನಾಲ್ಕನೆಯ ತಿಂಗಳು ಅವಳು ಕಿಟಕಿಗೆ ಹೋಗಲಿಲ್ಲ. ಎರಡರ ಬದಲು ಒಂದು, ಆಮೇಲೆ ಮೂರು ದಿನ ಏನೂ ಇಲ್ಲ. ಒಂದನೇ ತಾರೀಖಿಗೆ ಮೂರೇ ದಿನ ತಾನೆ, ಯಾರ ಮುಂದೆಯೂ ಹಲ್ಲುಗಿಂಜುವುದು ಬೇಡ ಎಂದುಕೊಂಡಳಂತೆ. ಆ ಮೂರು ದಿನ ಅವಳು ಪಟ್ಟಿಯ ಖಾಲಿ ಗುಳಿಗಳ ಮೇಲೆ ಬೆರಳಾಡಿಸುತ್ತ ಕೂತಿದ್ದನ್ನು ಅವನು ನೋಡಿದ್ದ. ನೋಡಿ, ಪತ್ರಿಕೆ ಬಿಡಿಸಿ ಓದುತ್ತ ಕೂತ. ಮೂರನೆಯ ದಿನ ಮೆಟ್ಟಿಲಿನ ನಡುವೆ ಬಟ್ಟೆಯ ಬಕೆಟ್ಟು ಉರುಳಿದ ಸದ್ದಾಯಿತು. ದಿಢೀರನೆ ಮಾತ್ರೆ ನಿಲ್ಲಿಸಿದರೆ ಅಷ್ಟು ದಿನ ಹಿಡಿದಿಟ್ಟಿದ್ದ ಹೃದಯ ಲಗಾಮು ಬಿಟ್ಟಂತೆ ಓಡತೊಡಗುತ್ತದೆ ಎಂದು ಆಮೇಲೆ ವೈದ್ಯೆ ವಿವರಿಸಿದಳು. ಓಡಿ ಓಡಿ ಅವಳ ಹೃದಯದ ಒಂದು ಪಾಲು ಸತ್ತುಹೋಗಿತ್ತು. ಯಾಕಮ್ಮಾ ನಿಲ್ಲಿಸಿದ್ರಿ ಎಂದು ಕೇಳಿದಾಗ ಅಕ್ಕ ಮೂಗಿಗೆ ನಳಿಗೆ ಹಾಕಿಕೊಂಡೇ, "ನಂದೇ ತಪ್ಪು ಡಾಕ್ಟ್ರೇ, ನನ್ನ ತಲೆ ಈಗ ಮೊದಲಿನ ಹಾಗಿಲ್ಲ" ಎಂದಳು. ಅವನು ಕಾಲ ಬುಡದಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ. ಆ ದಿನದಿಂದ ಅವನು ಮಾತ್ರೆ ಮುಟ್ಟಿಲ್ಲ. ಅದನ್ನೊಂದು ದೊಡ್ಡ ತ್ಯಾಗವೆಂಬಂತೆ ದಿನವೂ ನೆನೆದುಕೊಳ್ಳುತ್ತಿದ್ದ. ಮನೆಗೆ ಕಳಿಸುವಾಗ ವೈದ್ಯೆ ಮಾತ್ರೆಯ ಪೆಟ್ಟಿಗೆಯನ್ನೂ ಅದರ ಪುಟ್ಟ ಬೀಗದ ಕೈಯನ್ನೂ ಅವನ ಅಂಗೈಯಲ್ಲಿಟ್ಟು, "ಇನ್ಮೇಲೆ ಇದು ನಿಮ್ಮ ಜವಾಬ್ದಾರಿ, ನಿಮ್ಮಂಥೋರು ಇರೋದು ಅವರ ಪುಣ್ಯ" ಎಂದಿದ್ದಳು. ಅವನು ತಲೆಯಾಡಿಸಿ ತೆಗೆದುಕೊಂಡಿದ್ದ.

ಬಾಗಿಲು ತೆರೆದು ಅವನನ್ನೂ ಒಳಗೆ ಕರೆದರು. ವೈದ್ಯೆ ನಡುವಯಸ್ಸಿನವಳು, ದಣಿದ ಕಣ್ಣು, ಆದರೆ ಮಾತಿನಲ್ಲಿ ಬೇಸರವಿರಲಿಲ್ಲ. "ಚೆನ್ನಾಗೇ ಮಾಡಿದಾರೆ. ಏಳೇಳು ಕಳಿಯೋದರಲ್ಲಿ ನನಗಿಂತ ಫಾಸ್ಟು. ನೆನಪಿಟ್ಕೊಂಡು ಹೇಳಿ ಅಂತ ಐದು ಪದ ಕೊಟ್ಟಿದ್ದೆ, ನಾಲ್ಕು ಹೇಳಿದ್ರು. ಈ ವಯಸ್ಸಿಗೆ ಅದೇನೂ ದೊಡ್ಡ ವಿಷಯ ಅಲ್ಲ" ಎಂದಳು. ಅಕ್ಕನಿಗೆ ಕೇಳಿದ್ದು ಬರೀ ನಾಲ್ಕು. ಕೈಚೀಲದ ಹಿಡಿ ಹಿಸುಕುತ್ತ, "ಬಾಗಿಲು, ಕುದುರೆ, ನೀಲಿ, ತೋಟ... ಇನ್ನೊಂದಿತ್ತು" ಎಂದಳು. "ಬಿಡಿ ಅಮ್ಮಾ." "ಇನ್ನೊಂದಿತ್ತು ಡಾಕ್ಟ್ರೇ." ವೈದ್ಯೆ ಅವನ ಕಡೆ ತಿರುಗಿದಳು. ಸದ್ಯಕ್ಕೆ ಮಾತ್ರೆ ನೀವೇ ಕೊಡಿ ಎಂದಳು. ಕೊಡುವ ಮೊದಲು ಪ್ರತಿ ಸಲ ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು, ಐವತ್ತಕ್ಕಿಂತ ಕಡಿಮೆ ಬಂದರೆ ಮಾತ್ರೆ ಕೊಡದೆ ತನಗೆ ಫೋನ್ ಮಾಡಬೇಕು. ಒಂದು ಹೊತ್ತಿನದು ತಪ್ಪಿತೆಂದು ಮುಂದಿನ ಸಲ ಎರಡು ಕೊಡಬಾರದು. ಖಾಲಿಯಾಗಲು ವಾರ ಇರುವಾಗಲೇ ಬಂದು ತೆಗೆದುಕೊಂಡು ಹೋಗಬೇಕು, ಕಿಟಕಿಯವರು ಗೊಣಗಿದರೆ ತನ್ನ ಹೆಸರು ಹೇಳಬೇಕು. "ಏನೇ ಆಗ್ಲಿ, ನಾನು ಹೇಳ್ದೆ ನಿಲ್ಲಿಸಬಾರದು. ನಿಲ್ಲಿಸೋದಾದ್ರೂ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬರ್ಬೇಕು. ಆಮೇಲೆ, ಇದನ್ನ ಎಲ್ಲರ ಮನೆಯವರಿಗೂ ಕೇಳ್ತೀನಿ, ತಪ್ಪು ತಿಳೀಬೇಡಿ. ಮನೇಲಿ ಬೇರೆ ಯಾರೂ ಈ ಮಾತ್ರೆ ತಗೊಳ್ತಿಲ್ಲ ತಾನೆ? ಸ್ಟೇಜ್ ಹತ್ತೋಕೆ ಭಯ, ಕೈನಡುಕ ಅಂತ ತಿಂದುಬಿಡ್ತಾರೆ. ಉಬ್ಬಸ ಇರೋರು ಮುಟ್ಟಲೇಬಾರದು, ಉಸಿರೇ ಕಟ್ಟಿಹೋಗುತ್ತೆ."

ನಿಜ ಹೇಳಲು ಬಾಗಿಲು ಇಷ್ಟು ಅಗಲ ತೆರೆದು ಯಾರೂ ಅವನನ್ನು ಕರೆದಿರಲಿಲ್ಲ. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ವೈದ್ಯೆಯ ಮೇಜಿನ ಮೇಲಿನ ಪೆನ್ನಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಅವನು ಅದನ್ನೇ ನೋಡಿದ. ಅಕ್ಕನ ಎದುರು ಬೇಡ, ವೈದ್ಯೆಯ ಎದುರು ಬೇಡ, ಹೊರಗೆ ಹೋಗಿ ಹೇಳುತ್ತೇನೆ, ಅಕ್ಕನಿಗೊಬ್ಬಳಿಗೇ ಹೇಳುತ್ತೇನೆ. "ಇಲ್ಲ" ಎಂದ. "ಮನೇಲಿ ನಾವಿಬ್ರೇ" ಎಂದು ಬೇರೆ ಸೇರಿಸಿದ. ವೈದ್ಯೆ ಕಾಗದದ ಮೇಲೆ ಏನೋ ಗುರುತು ಹಾಕಿದಳು. ಅಕ್ಕ ಇನ್ನೂ ಐದನೆಯ ಪದವನ್ನು ಹುಡುಕುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ಮೂರನೆಯ ನಿಲ್ದಾಣ ದಾಟಿದ ಮೇಲೆ ಇದ್ದಕ್ಕಿದ್ದಂತೆ, "ಚಮಚ!" ಎಂದು ಕೂಗಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. "ಚಮಚ ಕಣೋ, ಚಮಚ. ಹಾಳಾದ್ದು, ದಿನಾ ಕೈಯಲ್ಲಿ ಹಿಡಿಯೋ ವಸ್ತು!" ಎಂದು ನಕ್ಕಳು. ಆಮೇಲೆ ನಗು ಇಳಿದುಹೋಯಿತು. "ಈಗ ಬಂದು ಏನು ಪ್ರಯೋಜನ? ನಂಬರ್ ಕೇಳಿದವರು ಅಷ್ಟೊತ್ತಿಗೆ ಫೋನ್ ಇಟ್ಟುಬಿಟ್ಟಿರ್ತಾರೆ" ಎಂದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. ಬಸ್ಸಿನಲ್ಲಿ ಹೇಳುವುದು ಬೇಡ ಎಂದುಕೊಂಡ ಅವನು.

ಮನೆಗೆ ಬಂದು ಕೈಕಾಲು ತೊಳೆದು ಅಡುಗೆಮನೆಯ ಮೇಜಿನ ಎದುರು ಕೂತ ಮೇಲೆ ಹೇಳಿದ. ಹೇಗೆ ಶುರುಮಾಡಿದೆನೆಂದು ಆಮೇಲೆ ಅವನಿಗೇ ನೆನಪಿರಲಿಲ್ಲ. "ಅಕ್ಕಾ, ಮಾತ್ರೆ ನೀನು ಮರೀಲಿಲ್ಲ. ನಾನು ತಗೊಳ್ತಿದ್ದೆ" ಎಂದ ಮಾತು ಮಾತ್ರ ತನ್ನದಲ್ಲದ ದನಿಯಲ್ಲಿ ಹೊರಗೆ ಬಿತ್ತು. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಚಾಕು ನಿಂತಿತು. "ನೀನಾ? ಯಾಕೆ?" ಎಂದಳು. ಕೈ ನಡುಗುತ್ತಿತ್ತು, ಅಂಗಡಿಯ ಕೆಲಸಕ್ಕೆ, ಎಂದ. "ಎಷ್ಟು ತಗೊಂಡೆ?" ಈ ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. ಎಣಿಸಿದ್ದರೆ ತಾನೆ? ಎಣಿಸದೆ ಇದ್ದದ್ದರಿಂದಲೇ ಅಲ್ಲವೆ ಅಷ್ಟು ದಿನ ನಡೆದದ್ದು. "ಒಂದು ಹತ್ತು... ಹೆಚ್ಚು ಅಂದ್ರೆ ಹನ್ನೆರಡು" ಎಂದ. ಹೇಳುವಾಗಲೇ ನಿಜವಿರಲಿಕ್ಕಿಲ್ಲ ಅನ್ನಿಸಿತು, ಆದರೆ ಬಾಯಿ ಅಷ್ಟಕ್ಕಿಂತ ಮೇಲೆ ಹೋಗಲಿಲ್ಲ.

ಅಕ್ಕ ಎದ್ದು, ನಿಧಾನವಾಗಿ, ಕಪಾಟಿನಿಂದ ಒಂದು ನೋಟುಬುಕ್ಕು ತಂದಳು. ಅದನ್ನು ಅವನು ಎಂದೂ ನೋಡಿರಲಿಲ್ಲ. ಗೆರೆ ಎಳೆದು, ತಾರೀಖು ಹಾಕಿ, ದುಂಡನೆಯ ಅಕ್ಷರದಲ್ಲಿ ಪ್ರತಿ ಸಂಜೆ ಪಟ್ಟಿಯಲ್ಲಿ ಎಷ್ಟು ಇರಬೇಕಾಗಿತ್ತು, ಎಷ್ಟು ಇದೆ ಎಂದು ಬರೆದಿದ್ದಳು. ನಾಲ್ಕು ತಿಂಗಳು, ಒಂದು ಸಂಜೆಯೂ ಬಿಡದೆ. "ಮೊದಲ್ನೇ ತಿಂಗಳು ನಾಲ್ಕು ಕಮ್ಮಿ. ಆಮೇಲೆ ಏಳು. ಆಮೇಲೆ ಒಂಬತ್ತು. ಕೊನೇ ತಿಂಗಳು ಹನ್ನೊಂದು" ಎಂದು ಬೆರಳಿಟ್ಟು ಓದಿದಳು. "ಮೂವತ್ತೊಂದು. ನೀನು ಹನ್ನೆರಡು ತಗೊಂಡಿದ್ರೂ ಹತ್ತೊಂಬತ್ತು ಎಲ್ಲಿ ಹೋಯ್ತೋ?" ಮೂವತ್ತೊಂದೂ ನಾನೇ ಎಂದ ಅವನು. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ನಕ್ಕಳು, ಎಷ್ಟೋ ದಿನದ ಮೇಲೆ ಮನಸಾರೆ. "ನಾನು ಮೂವತ್ತೊಂದು ಅಂದ್ಮೇಲೆ ಮೂವತ್ತೊಂದಾಯ್ತಾ? ಅಯ್ಯೋ ಬೆಪ್ಪೇ! ಸುಳ್ಳು ಹೇಳೋಕೂ ಒಂದು ತಲೆ ಬೇಕು ಕಣೋ. ನಾನು ಬೇಜಾರು ಮಾಡ್ಕೋತೀನಿ ಅಂತ ನನ್ನ ಮರೆವನ್ನ ನಿನ್ನ ತಲೆ ಮೇಲೆ ಹಾಕ್ಕೊಳ್ತಿದೀಯ." "ಇಲ್ಲಕ್ಕಾ, ದೇವರಾಣೆ..." "ಸಾಕು ಸುಮ್ನಿರು" ಎಂದು ಅವನ ತಟ್ಟೆಗೆ ಬ್ರೆಡ್ಡು ಹಾಕಿದಳು. "ಇಂಥ ತಮ್ಮ ಯಾರಿಗಿರ್ತಾನೆ" ಎಂದಳು.

ಮಧ್ಯಾಹ್ನವೆಲ್ಲ ಅವನು ಹಾಸಿಗೆಯ ಮೇಲೆ ಅಂಗಾತ ಬಿದ್ದುಕೊಂಡಿದ್ದ. ಅಂಗಡಿ ತೆರೆಯಲಿಲ್ಲ. ನಾಚಿಕೆಗೇಡಿನ ಸಂಗತಿಯೆಂದರೆ ಒಂದು ಕಡೆ ಹಗುರವಾಗಿತ್ತು. ಹೇಳಿಯಾಯಿತು, ನಂಬದಿದ್ದರೆ ನನ್ನ ತಪ್ಪೇ? ಹೀಗೆ ಯೋಚಿಸುತ್ತಿರುವಾಗಲೇ ಮನಸ್ಸು ಛೀ ಎಂದಿತು. ಹನ್ನೆರಡು ಎಂದದ್ದು ಯಾಕೆ? ಎಷ್ಟೋ ಗೊತ್ತಿಲ್ಲ, ಸಿಕ್ಕಾಗಲೆಲ್ಲ ತಗೊಂಡೆ ಎನ್ನಬಹುದಿತ್ತು. ತಪ್ಪೊಪ್ಪಿಕೊಳ್ಳುವಾಗಲೂ ಕೈ ಬಿಗಿಹಿಡಿದೆ. ಆ ಜಿಪುಣತನವೇ ಈಗ ಅವಳನ್ನು ಮರೆಗುಳಿಯಾಗಿ ಉಳಿಸಿತು. ಆ ನೋಟುಬುಕ್ಕು ಇಟ್ಟವಳಿಗೆ ಮರೆವಂತೆ! ಅದೊಂದನ್ನು ವೈದ್ಯೆಗೆ ತೋರಿಸಿದ್ದರೆ ಪರೀಕ್ಷೆಯೇ ಬೇಕಾಗಿರಲಿಲ್ಲ. ಆದರೆ ಅವಳು ತೋರಿಸುವುದಿಲ್ಲ. ಅದು ತನ್ನ ತಲೆ ಕೆಟ್ಟದ್ದಕ್ಕೆ ಸಾಕ್ಷಿ ಎಂದೇ ಅವಳು ಬಚ್ಚಿಟ್ಟಿದ್ದಳು. ನಾಳೆ ಬೆಳಿಗ್ಗೆ ಒಬ್ಬನೇ ವೈದ್ಯೆಯ ಹತ್ತಿರ ಹೋಗುತ್ತೇನೆ ಎಂದುಕೊಂಡ. ಇಂಥ ನಾಳೆಗಳು ಆರು ವಾರದಲ್ಲಿ ಎಷ್ಟು ಆಗಿಹೋಗಿದ್ದವೆಂದೂ ನೆನಪಾಯಿತು.

ಆರು ಗಂಟೆಗೆ ಸಂಜೆಯ ಮಾತ್ರೆ. ಅಕ್ಕನಿಗೆ ಎದ್ದು ಓಡಾಡುವ ಕೆಲಸ ಬೇಡವೆಂದು ಟೀ ಅವನೇ ಮಾಡಿದ. ಕಿಟಕಿಯಿಂದ ಬಿದ್ದ ಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಅವಳ ಟೀ. ಟೀ ಕಪ್ ಸಾಸರಿನ ಮೇಲೆ ಗಲಗಲ ಅನ್ನುತ್ತಿತ್ತು. ಒಲೆಯಿಂದ ಮೇಜಿನವರೆಗೆ ಐದು ಹೆಜ್ಜೆ, ಐದೂ ಹೆಜ್ಜೆ ಗಲಗಲ. ಮೇಜಿನ ಮೇಲಿಟ್ಟ. ಬೀಗ ತೆಗೆದು ಗುಳಿಗೆಯನ್ನು ಮುಚ್ಚಳದಲ್ಲಿ ಹಾಕಿ, ತನ್ನ ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು, ಅವಳ ಮಣಿಕಟ್ಟು ಹಿಡಿದ. ಚರ್ಮ ತಣ್ಣಗಿತ್ತು. ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದಾಗ ಎಣಿಸಲು ಶುರುಮಾಡಿದ. ಒಂದು, ಎರಡು, ಮೂರು. ಅವನ ಬೆರಳು ನಡುಗುತ್ತಿತ್ತು. ಯಾವುದು ಅವಳ ನಾಡಿ, ಯಾವುದು ತನ್ನ ಬೆರಳು ಎಂದು ತಿಳಿಯದಾಯಿತು. ಇಪ್ಪತ್ತರ ಹತ್ತಿರ ತಪ್ಪಿತು. "ತಪ್ಪಿಹೋಯ್ತಕ್ಕಾ, ಮೊದಲಿಂದ ಎಣಿಸ್ತೀನಿ" ಎಂದ.

ಅವಳು ಅವನನ್ನಾಗಲಿ ಗಡಿಯಾರವನ್ನಾಗಲಿ ನೋಡುತ್ತಿರಲಿಲ್ಲ. ತಲೆ ಸ್ವಲ್ಪ ವಾಲಿಸಿ ಕಪ್ಪನ್ನು ನೋಡುತ್ತಿದ್ದಳು. ಕಿವಿಗೆ ಉಪಕರಣ ಸಿಕ್ಕಿಸಿಕೊಂಡು ಹತ್ತು ಮಂದಿಯ ಗದ್ದಲದಲ್ಲಿ ಒಂದು ದನಿಯನ್ನು ಹುಡುಕುವಾಗ ಹಾಗೆ ತಲೆ ವಾಲಿಸುತ್ತಿದ್ದಳು, ಅವನು ಚಿಕ್ಕಂದಿನಲ್ಲಿ ನೋಡಿದ್ದ. "ಹೋದ ವರ್ಷ ಈ ಕಪ್ ಸದ್ದು ಮಾಡೋದು" ಎಂದಳು ಮೆಲ್ಲಗೆ. "ನೀನು ಟೀ ತರ್ತಿದ್ರೆ ಒಳಗಿದ್ದವಳಿಗೂ ಗೊತ್ತಾಗೋದು. ಆಮೇಲೆ ನಿಂತುಹೋಯ್ತು. ನನಗೆ ಆಶ್ಚರ್ಯ ಆಗಿತ್ತು, ಕೇಳೋಣ ಅಂದ್ಕೊಂಡು ಬಿಟ್ಟೆ." ಅವನು ಮಣಿಕಟ್ಟನ್ನು ಹಿಡಿದೇ ಇದ್ದ. "ಸದ್ದು ನಿಂತಾಗಲೇ ನಿನ್ನ ಎದೆ ಸೀಟಿ ಊದೋಕೆ ಶುರುವಾಯ್ತು. ನಾನು ಆಸ್ಪತ್ರೆಯಿಂದ ಬಂದ ದಿನ ಸೀಟಿ ಇರ್ಲಿಲ್ಲ. ಕಪ್ ಗಲಗಲ ಅಂತಿತ್ತು." ಮಾತ್ರೆಯ ಪೆಟ್ಟಿಗೆಯ ಕಡೆ ನೋಡಿದಳು. "ಉಬ್ಬಸ ಇರೋರು ಮುಟ್ಟಬಾರದು ಅಂದ್ರಲ್ಲ ಇವತ್ತು. ಮನೇಲಿ ಯಾರಾದ್ರೂ ತಗೊಳ್ತಾರಾ ಅಂತ ಕೇಳಿದ್ರಲ್ಲ. ನೀನು ಇಲ್ಲ ಅಂದೆ."

"ಅಂದೆ" ಎಂದ.

"ಕಿಟಕಿಯವನು ಅಷ್ಟು ಜನರ ಮುಂದೆ ಅಂದಾಗ್ಲೂ ನೀನು ಪಕ್ಕದಲ್ಲೇ ಇದ್ದೆ." ಅವನು ತಲೆ ತಗ್ಗಿಸಿದ. ಬೈಯಲಿ, ಈ ಬಿಸಿ ಟೀಯನ್ನು ಮುಖಕ್ಕೆ ಎರಚಲಿ ಎಂದು ಕಾದ. ತಲೆಯೆತ್ತಿದರೆ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕೆನ್ನೆಗೆ ಬಣ್ಣ ಬಂದಿತ್ತು, ಕಣ್ಣು ಅಗಲವಾಗಿತ್ತು. "ಹಾಗಾದ್ರೆ ಮೂವತ್ತೊಂದು" ಎಂದಳು ತನಗೆ ತಾನೇ. "ಮೂವತ್ತೊಂದು. ನನ್ನ ಎಣಿಕೆ ಸರಿಯಾಗೇ ಇತ್ತು." ಅವಳಿಗೆ ಸಂತೋಷವಾಗಿತ್ತು. ಅದನ್ನು ನೋಡಲಾಗದೆ ಅವನು ಬಿಸಿಲಿನ ಕಡೆ ಕಣ್ಣು ತಿರುಗಿಸಿದ. ಅಕ್ಕ ತನ್ನ ಮಣಿಕಟ್ಟನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡಳು, ಜೋರಾಗಿ ಅಲ್ಲ, ಮೆಲ್ಲಗೆ. ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಬೀಗದ ಕೈಗಾಗಿ ಅಂಗೈ ಚಾಚಿದಳು. ಅವನು ಕೊಟ್ಟ. ಅವನ ಗಡಿಯಾರವನ್ನು ತನ್ನ ಕಡೆ ತಿರುಗಿಸಿಕೊಂಡು, ಎಡಗೈಯ ಮೇಲೆ ಬಲಗೈಯ ಎರಡು ಬೆರಳಿಟ್ಟು, ತಾನೇ ಎಣಿಸತೊಡಗಿದಳು. ತುಟಿ ಅಲ್ಲಾಡುತ್ತಿತ್ತು. ಆ ಎಣಿಕೆಯನ್ನು ಅವನು ಬಲ್ಲ. ಐವತ್ತೈದು ವರ್ಷದ ಹಿಂದೆ ಅದು ಅವನ ಉಸಿರಿನ ಎಣಿಕೆಯಾಗಿತ್ತು.

"ಅಕ್ಕಾ" ಎಂದ.

ಅವಳು ಕಣ್ಣೆತ್ತಲಿಲ್ಲ. "ಸ್ವಲ್ಪ ತಡೀರಿ" ಎಂದಳು. ಎಕ್ಸ್‌ಚೇಂಜಿನ ದನಿ, ಮುಖ ಗೊತ್ತಿಲ್ಲದ ಯಾರೋ ಆ ಕಡೆಯಿಂದ ಕೇಳಿದಾಗ ಹೇಳುವ ದನಿ. ಅದರಲ್ಲಿ ಒರಟಿರಲಿಲ್ಲ. ಅರವತ್ತಮೂರು ವರ್ಷದಲ್ಲಿ ಅವಳು ಅವನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಮುಳ್ಳು ಒಂದು ಸುತ್ತು ಬಂತು. ಅವಳು ಗುಳಿಗೆ ನುಂಗಿ, ನೀರು ಕುಡಿದು, ನೋಟುಬುಕ್ಕಿನಲ್ಲಿ ಅರವತ್ತೆರಡು ಎಂದು ಬರೆದಳು. ಆಮೇಲೆ ಪೆಟ್ಟಿಗೆಗೆ ಬೀಗ ಹಾಕಿ ಎದ್ದು ಅಡುಗೆಮನೆಯ ಆ ತುದಿಗೆ ಹೋಗಿ ತರಕಾರಿಗೆ ಕೂತಳು. ಸ್ವಲ್ಪ ಹೊತ್ತಿನಲ್ಲೇ ಗುನುಗು ಶುರುವಾಯಿತು. ಎರಡು ನಾಲ್ಕು ಒಂದು ಏಳು, ದಂತವೈದ್ಯರು. ಮೂರು ಸೊನ್ನೆ ಸೊನ್ನೆ ಎಂಟು, ಸಾಬೂನಿನ ಕಾರ್ಖಾನೆ. ಒಂದೂ ತಪ್ಪಲಿಲ್ಲ. ಅವನು ಮೇಜಿನ ಹತ್ತಿರವೇ ಕಾದು ಕೂತಿದ್ದ. ಟೀ ತಣ್ಣಗಾಗಿತ್ತು.